ಬರುವ ವರ್ಷದ ಪೊರ್ಬುಗಳು

ದಕ್ಷಿಣ ಕನ್ನಡ ಜಿಲ್ಲೆಯ ಯಾವುದಾದರೊಂದು ಇಗರ್ಜಿಯ ಸಮೀಪದಲ್ಲಿ, ಮಾಳಿಗೆಯ ಮೇಲೊಂದು ಮಾಳಿಗೆಯನ್ನೇರಿಸಿ, ಮುಂಗಡೆಯಲ್ಲಿ ಆಳೆತ್ತರದ ಕಬ್ಬಿಣದ ಗೇಟನ್ನು ನಿಲ್ಲಿಸಿ, ಹಗಲಿರುಳೂ ಕಿಟಕಿಗಳನ್ನು ಮುಚ್ಚಿಕೊಂಡು, ಒಳಗೆ ಒಬ್ಬ ವೃದ್ಧೆಯನ್ನೂ ಒಂದು ನಾಯಿಯನ್ನೂ ಮಾತ್ರ ಇರಿಸಿಕೊಂಡು ನಿಂತಿರುವ ಭವ್ಯ ಭವನವೊಂದನ್ನು ನೀವು ಕಂಡಿರಾದರೆ, ಅದು ನಾನೀಗ ವರ್ಣಿಸಹೊರಟಿರುವ ಮಹನೀಯರ ಮನೆಯೆಂದು ನಿಸ್ಸಂಶಯವಾಗಿ ತಿಳಿಯಬಹುದು. ಮನೆಯ ಯಜಮಾನರು ಮಾತ್ರ ಅಲ್ಲಿಲ್ಲ. ಅವರು ಕಡಲಾಚೆಯ ಅರಬ್ಬೀ ದೇಶದ ಶಾರ್ಜಾ ನಗರದಲ್ಲಿ, ಬಹುಮಹಡಿಯ ಕಟ್ಟಡವೊಂದರ ಏಳನೆಯ ಅಂತಸ್ತಿನಲ್ಲಿ, ಎರಡು ಕೋಣೆಗಳ ಬಾಡಿಗೆಯ ಬಿಡಾರದಲ್ಲಿ, ಪತ್ನಿ ಮತ್ತು ಮೂವರು ಮಕ್ಕಳೊಡನೆ ಸುಖದಿಂದಿದ್ದಾರೆ. ಏಳು ಕೋಣೆಗಳ ಮನೆಯನ್ನು ಕಟ್ಟಿದವರು ಎರಡು ಕೋಣೆಗಳಲ್ಲಿ ವಾಸಿಸುವುದೇತಕ್ಕೆಂದು ಯಾರಾದರೂ ಕೇಳಿದರೆ, ಉತ್ತರವು ಅವರ ನಾಲಗೆಯ ತುದಿಯಲ್ಲಿಯೇ ಸಿದ್ಧವಾಗಿರುತ್ತದೆ: “ಬರುವ ವರ್ಷ ಊರಿಗೆ ಹೋಗಿಯೇ ಬಿಡುವುದಲ್ಲವೆ?”

ತುಳುನಾಡಿನಲ್ಲಿ ಕಥೋಲಿಕ ಕ್ರೈಸ್ತ ಗೃಹಸ್ಥರನ್ನು ನೆರೆಹೊರೆಯವರು ಪೊರ್ಬುಗಳೆಂದೂ, ಅವರ ಗೃಹಿಣಿಯರನ್ನು ಬಾಯಮ್ಮನವರೆಂದೂ ಕರೆಯುವ ವಾಡಿಕೆಯುಂಟು. ನಾನೂ ಆ ನೆರೆಹೊರೆಯವನೇ ಆದುದರಿಂದ ಅದೇ ಮರ್ಯಾದೆಯನ್ನು ಇಲ್ಲಿಯೂ ಪಾಲಿಸುತ್ತೇನೆ. ಇವರು ಒಬ್ಬಿಬ್ಬರಲ್ಲ, ಕುಲಶೇಖರದಿಂದ ಕಲ್ಯಾಣಪುರದವರೆಗೆ, ಕಿನ್ನಿಗೋಳಿಯಿಂದ ಬೆಳ್ತಂಗಡಿಯವರೆಗೆ, ಮನೆಗೊಬ್ಬರೆಂಬಂತೆ ಇರುವವರು. ಆದಕಾರಣ ಈ ಚಿತ್ರದಲ್ಲಿ ಯಾರಿಗಾದರೂ ತಮ್ಮ ಭಾವನವರ ಮೂಗು ಕಾಣಿಸಿದರೆ ಅದು ಚಿತ್ರಕಾರನ ತಪ್ಪೂ ಅಲ್ಲ, ಭಾವನವರ ತಪ್ಪೂ ಅಲ್ಲ.

ಪೊರ್ಬುಗಳ ಕಡಲಾಚೆಯ ವಾಸವು ಇಂದು ನಿನ್ನೆಯದೇನೂ ಅಲ್ಲ. ೧೯೩೨ರಲ್ಲಿ ಬಹರೈನಿನಲ್ಲಿಯೂ ೧೯೩೮ರಲ್ಲಿ ಕುವೈತಿನಲ್ಲಿಯೂ ಎಣ್ಣೆ ದೊರೆತ ಮೇಲೆ, ಇಂಗ್ಲಿಷು ಬಲ್ಲ, ಲೆಕ್ಕ ತಪ್ಪದ, ಮೇಲಧಿಕಾರಿಗೆ ಎದುರು ಮಾತಾಡದ ಗುಮಾಸ್ತರ ಅವಶ್ಯಕತೆ ಅಲ್ಲಿಯ ಕಂಪನಿಗಳಿಗೆ ಉಂಟಾಯಿತು. ಈ ಮೂರು ಸದ್ಗುಣಗಳಲ್ಲಿ ಮೊದಲೆರಡನ್ನು ನಮ್ಮ ಊರಿನ ಪಾದ್ರಿಗಳ ಶಾಲೆಗಳು ಕಲಿಸಿದ್ದವು, ಮೂರನೆಯದನ್ನು ಬಾಯಮ್ಮನವರು ಕಲಿಸಿದ್ದರು. ಆ ಕಾಲದಲ್ಲಿ ಮುಂಬಯಿಯಿಂದ ಹಡಗೇರಿ ಹೋಗಬೇಕಾಗಿತ್ತು. ಆ ದಾರಿಯಲ್ಲಿ ಓಡಾಡುತ್ತಿದ್ದ ಕೊನೆಯ ಹಡಗಿಗೆ ‘ದ್ವಾರಕಾ’ ಎಂದೇ ಹೆಸರು. ಅದು ೧೯೮೨ರವರೆಗೂ ಸಂಚರಿಸುತ್ತಿದ್ದು, ಯೇಸುವಿನ ಭಕ್ತರನ್ನು ಕೃಷ್ಣನ ಊರಿನ ಹೆಸರಿನಲ್ಲಿ ಅರಬ್ಬೀ ದಡಕ್ಕೆ ಮುಟ್ಟಿಸುವ ಪುಣ್ಯಕಾರ್ಯವನ್ನು ತಕರಾರಿಲ್ಲದೆ ಮಾಡುತ್ತಿತ್ತು. ಸಂಬಳವೂ ರೂಪಾಯಿಯಲ್ಲಿಯೇ ಬರುತ್ತಿತ್ತು. ನಮ್ಮ ರೂಪಾಯಿಯೇ ಆ ಕೊಲ್ಲಿಯ ರಾಜ್ಯಗಳ ನಾಣ್ಯವಾಗಿದ್ದು, ೧೯೫೯ರಿಂದ ರಿಸರ್ವ್ ಬ್ಯಾಂಕು ಆ ಕಡೆಗೆಂದೇ ಪ್ರತ್ಯೇಕ ನೋಟುಗಳನ್ನು ಅಚ್ಚುಹಾಕಿಸಿತು; ದುಬೈ ಶಾರ್ಜಾಗಳ ಕಡೆ ೧೯೬೬ರವರೆಗೂ ಅವು ಚಲಾವಣೆಯಲ್ಲಿದ್ದವು. ಅಂದಿನ ಪೊರ್ಬುಗಳಿಗೆ ಗುಣಾಕಾರದ ತಾಪತ್ರಯವಿರಲಿಲ್ಲ.

ಇಂದಿನ ಪೊರ್ಬುಗಳ ಜೀವನದಲ್ಲಿ ಗುಣಾಕಾರವೇ ಪ್ರಧಾನವಾದ ಮಾನಸಿಕ ವ್ಯಾಪಾರ. ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು ಕೈಯಲ್ಲಿ ಹಿಡಿದೊಡನೆ ಅವರ ಕಣ್ಣುಗಳು ಅರೆಮುಚ್ಚುತ್ತವೆ, ತುಟಿಗಳು ಅಲುಗುತ್ತವೆ. ನೋಡಿದವರು ಜಪವೆಂದು ಭಾವಿಸಬಹುದಾದರೂ, ಅವರು ಮಾಡುತ್ತಿರುವುದು ಅಲ್ಲಿಯ ನಾಣ್ಯವಾದ ದಿರ್ಹಮನ್ನು ರೂಪಾಯಿಗೆ ಪರಿವರ್ತಿಸುವ ಸಾಧನೆ. ಫಲಿತಾಂಶವು ಪ್ರಕಟವಾದ ಮೇಲೆ “ಊರಿನಲ್ಲಾದರೆ ಇಷ್ಟಕ್ಕೆ ಒಂದು ಬುಟ್ಟಿ ಬರುತ್ತಿತ್ತು” ಎಂದು ಹೇಳಿ ಕೊತ್ತಂಬರಿಯನ್ನು ಕೊಂಡೇ ಕೊಳ್ಳುತ್ತಾರೆ. ದಿರ್ಹಮಿನ ಬೆಲೆಯನ್ನು ಅಲ್ಲಿಯ ಸರಕಾರವು ೧೯೯೭ರಿಂದ ಡಾಲರಿಗೆ ಬಿಗಿದು ಕಟ್ಟಿರುವುದರಿಂದ ಅದು ಅಲುಗದು; ಅಲುಗುವುದು ನಮ್ಮ ರೂಪಾಯಿ ಮಾತ್ರ. ರೂಪಾಯಿ ಕುಸಿದ ಸುದ್ದಿಯನ್ನು ಪೊರ್ಬುಗಳು ಗಂಭೀರವದನರಾಗಿ ಓದಿ, “ದೇಶದ ಗತಿ ಏನಾಗುವುದೋ!” ಎಂದು ನಿಟ್ಟುಸಿರಿಟ್ಟು, ಅದೇ ಉಸಿರಿನಲ್ಲಿ ಅಂಗಿ ತೊಟ್ಟು, ಹಣ ಕಳುಹಿಸುವ ಅಂಗಡಿಯ ಸರತಿಯಲ್ಲಿ ಹೋಗಿ ನಿಲ್ಲುತ್ತಾರೆ. ಆ ಸರತಿಯಲ್ಲಿ ಆ ದಿನ ದೇಶಭಕ್ತರ ಸಂಖ್ಯೆ ಅಧಿಕವಾಗಿರುತ್ತದೆ.

ಇನ್ನು ‘ಬರುವ ವರ್ಷ’ದ ವಿಚಾರ. ನಮ್ಮ ಪಂಚಾಂಗದಲ್ಲಿ ಪ್ರಭವಾದಿ ಅರುವತ್ತು ಸಂವತ್ಸರಗಳು ಮಾತ್ರ ಉಂಟು. ಪೊರ್ಬುಗಳು ಕಾಯುತ್ತಿರುವುದು ಅರುವತ್ತೊಂದನೆಯದನ್ನು. ಮೊದಲಿಗೆ ಅದು ತಂದೆಯ ಸಾಲ ತೀರಿದ ಮರುವರ್ಷವಾಗಿತ್ತು. ಅನಂತರ ತಂಗಿಯ ಮದುವೆಯಾದ ಮರುವರ್ಷವಾಯಿತು. ಮನೆಯ ಮಾಡು ಮುಗಿದ ಮೇಲೆ ಎಂದಿದ್ದದ್ದು ಆವರಣದ ಗೋಡೆ ಮುಗಿದ ಮೇಲೆ ಎಂದಾಗಿ, ಗೋಡೆ ಮುಗಿದ ಮೇಲೆ ಹಿರಿಮಗಳ ಹತ್ತನೆಯ ತರಗತಿಯ ಮೇಲೆ ಹೋಗಿ ಕುಳಿತಿತು. ಮಗಳು ಹತ್ತನೆಯದನ್ನು ಮುಗಿಸುವ ವೇಳೆಗೆ ನಡುವಿನವನು ಎಂಟನೆಯದರಲ್ಲಿರುತ್ತಾನೆ. ಇದನ್ನು ಕೇವಲ ಮನೋದೌರ್ಬಲ್ಯವೆಂದು ನಗುವುದೂ ನ್ಯಾಯವಲ್ಲ. ಆ ದೇಶದಲ್ಲಿ ಎಷ್ಟೇ ವರ್ಷ ದುಡಿದರೂ ಹೊರಗಿನವನು ಸಾಮಾನ್ಯವಾಗಿ ಪ್ರಜೆಯಾಗಲಾರ. ಕೆಲಸವಿರುವವರೆಗೆ ವೀಸಾ, ವೀಸಾ ಇರುವವರೆಗೆ ಮನೆ, ಮನೆಯಿರುವವರೆಗೆ ಮಕ್ಕಳ ಶಾಲೆ, ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವ ಬದುಕಿನಲ್ಲಿ ಮನುಷ್ಯನು ತನ್ನ ಕಾಲನ್ನು ಒಂದು ಕಡೆಯೂ ಕಣ್ಣನ್ನು ಇನ್ನೊಂದು ಕಡೆಯೂ ಇರಿಸಿಕೊಳ್ಳುವುದು ವಿವೇಕವೇ ಸರಿ. ಕಣ್ಣಿರುವ ಕಡೆ ಸುಖವಿದೆಯೆಂದು ಪೊರ್ಬುಗಳು ನಂಬಿರುವುದರಲ್ಲಿ ಮಾತ್ರ ಸ್ವಲ್ಪ ಲೆಕ್ಕದ ದೋಷವಿದೆ. ಅದೇ ಈ ಲೇಖನದ ವಿಷಯ.

ಬಿಡಾರವನ್ನು ಪ್ರವೇಶಿಸಿದೊಡನೆ ಈ ತಾತ್ಕಾಲಿಕತೆಯ ಸಿದ್ಧಾಂತವು ಕಣ್ಣಿಗೆ ಬೀಳುತ್ತದೆ. ಸೋಫಾ, ಕೆಲಸ ಬಿಟ್ಟು ಕೇರಳಕ್ಕೆ ಮರಳಿದ ನೆರೆಯವರಿಂದ ಬಂದದ್ದು. ಊಟದ ಮೇಜು, ಕೆನಡಾಕ್ಕೆ ಹೋದ ಇನ್ನೊಬ್ಬರಿಂದ ಬಂದದ್ದು. ಒಳ್ಳೆಯ ಪಿಂಗಾಣಿ ತಟ್ಟೆಗಳು ‘ಊರಿನ ಮನೆಗೆ’ ಎಂಬ ಶಾಸನದೊಡನೆ ಕಪಾಟಿನ ಮೇಲೆ ಪೆಟ್ಟಿಗೆಯಲ್ಲಿ ಸಮಾಧಿಸ್ಥವಾಗಿವೆ. ಗೋಡೆಗೆ ಮೊಳೆ ಹೊಡೆದರೆ ಬಾಡಿಗೆಯ ಮುಂಗಡದಲ್ಲಿ ಕಡಿತವಾಗುವುದೆಂಬ ಭಯದಿಂದ, ಊರಿನಲ್ಲಾದರೆ ಚಾವಡಿಯ ನಟ್ಟನಡುವೆ ವಿರಾಜಮಾನವಾಗುತ್ತಿದ್ದ ಯೇಸುವಿನ ಪವಿತ್ರ ಹೃದಯದ ಪಟವು ಇಲ್ಲಿ ದೂರದರ್ಶನ ಪೆಟ್ಟಿಗೆಯ ಮೇಲಣ ಹಲಗೆಯಲ್ಲಿ ಆಸೀನವಾಗಿದೆ. ಪರಿಣಾಮವಾಗಿ, ಮಕ್ಕಳ ಕಣ್ಣು ಪ್ರಾರ್ಥನೆಯಿಂದ ಕಾರ್ಟೂನಿಗೆ ಇಳಿಯಲು ಒಂದು ಗೇಣಿನ ಪ್ರಯಾಣವೂ ಬೇಕಿಲ್ಲ. ಪ್ರಾರ್ಥನೆಯ ಸಮಯದಲ್ಲಿ ಪೆಟ್ಟಿಗೆಯ ಮೇಲೆ ಒಂದು ಟವೆಲನ್ನು ಹೊದೆಸುವ ಕ್ರಮವನ್ನು ಬಾಯಮ್ಮನವರು ಜಾರಿಗೆ ತಂದದ್ದು ಈ ಕಾರಣದಿಂದ.

ಸಂಜೆಯ ತೇರ್ಸ್ ಪೊರ್ಬುಗಳ ಮನೆಯ ಅಸ್ಥಿಭಾರ. ಜಪಮಾಲೆಯನ್ನು ಹಿಡಿದು ಮನೆಮಂದಿಯೆಲ್ಲ ಮೊಣಕಾಲೂರಿ ಸಲ್ಲಿಸುವ ಈ ಕೊಂಕಣಿ ಪ್ರಾರ್ಥನೆಯನ್ನು ಮುನ್ನಡೆಸುವವರು ಊರಿನಲ್ಲಿರುವ ಅಜ್ಜಿ. ಮಂಗಳೂರಿನಲ್ಲಿ ಏಳೂವರೆಯಾದಾಗ ಶಾರ್ಜಾದಲ್ಲಿ ಆರು ಗಂಟೆ; ಅಜ್ಜಿಯ ಮೈಮರೆವಿನ ವೇಳೆಯೂ ಮಕ್ಕಳ ಹಸಿವಿನ ವೇಳೆಯೂ ಅದೇ. ಅಲ್ಲಿ ವಾಟ್ಸಾಪಿನಲ್ಲಿ ಕರೆಮಾಡಲು ಅನುಮತಿಯಿಲ್ಲದ್ದರಿಂದ ಬೋಟಿಮ್ ಎಂಬ ಬೇರೊಂದು ಸಾಧನದ ಮೂಲಕ ಅಜ್ಜಿಯ ಮುಖವು ಮೊಬೈಲಿನಲ್ಲಿ ಉದಯಿಸುತ್ತದೆ. ಮುಖವೆಂದರೆ ಬಹುಮಟ್ಟಿಗೆ ಹಣೆ ಮತ್ತು ಮೇಲ್ಮಾಡಿನ ಫ್ಯಾನು. ಅಜ್ಜಿ ಪೂರ್ವಾರ್ಧವನ್ನು ಹೇಳಬೇಕು, ಮೊಮ್ಮಕ್ಕಳು ಉತ್ತರಾರ್ಧವನ್ನು ಹೇಳಬೇಕು ಎಂಬುದು ನಿಯಮ. ಆದರೆ ಅರಬ್ಬೀ ಸಮುದ್ರವನ್ನು ದಾಟುವಾಗ ಶಬ್ದವು ತುಸು ವಿಶ್ರಮಿಸಿಕೊಳ್ಳುವುದರಿಂದ, ಮಕ್ಕಳು ಉತ್ತರಾರ್ಧವನ್ನು ಮುಗಿಸುವ ಮೊದಲೇ ಅಜ್ಜಿ ಮುಂದಿನ ಪೂರ್ವಾರ್ಧವನ್ನು ಆರಂಭಿಸಿ, ಐದನೆಯ ರಹಸ್ಯದ ವೇಳೆಗೆ ಎರಡು ದೇಶಗಳು ಎರಡು ಬೇರೆ ಬೇರೆ ಮಣಿಗಳ ಮೇಲೆ ನಿಂತಿರುತ್ತವೆ. ಕಿರಿಯವನು ಒಮ್ಮೆ ಅಜ್ಜಿಯ ಬಿಂಬವು ಸ್ತಬ್ಧವಾದುದನ್ನು ಕಂಡು, “ಅಜ್ಜಿ ಸಮಾಧಿಗೆ ಹೋದರು” ಎಂದು ಘೋಷಿಸಿ, ತಾಯಿಯಿಂದ ಏಟು ತಿಂದನು. ಎಲ್ಲ ಮುಗಿದ ಮೇಲೆ ಮಕ್ಕಳು ಸಾಲಾಗಿ ಕೈಮುಗಿದು ಹಿರಿಯರಿಂದ ಬೆಸಾಂವ್, ಎಂದರೆ ಆಶೀರ್ವಾದ, ಕೇಳುತ್ತಾರೆ. ಅಜ್ಜಿ ಮೊಬೈಲಿನೊಳಗಿನಿಂದಲೇ ಕೈಯೆತ್ತುತ್ತಾಳೆ. ಆ ಕ್ಷಣದಲ್ಲಿ ಪೊರ್ಬುಗಳು ಅತ್ತ ತಿರುಗಿ ಕನ್ನಡಕ ಒರೆಸುವುದನ್ನು ನಾನು ಕಂಡಿದ್ದೇನೆ. ಕೇಳಿದರೆ ಹವಾನಿಯಂತ್ರಕದ ಧೂಳೆನ್ನುತ್ತಾರೆ.

ಆರಾಧನೆಯ ದಿನದ ವಿಷಯದಲ್ಲಿ ಈ ಕುಟುಂಬವು ಒಂದು ದೊಡ್ಡ ಧರ್ಮಸಂಕಟವನ್ನು ಎದುರಿಸಿತು. ಬಹುಕಾಲ ಆ ದೇಶದಲ್ಲಿ ವಾರದ ರಜೆ ಶುಕ್ರವಾರಕ್ಕಿದ್ದು, ಭಾನುವಾರ ಎಲ್ಲರಿಗೂ ಕೆಲಸದ ದಿನವಾಗಿದ್ದುದರಿಂದ, ಇಗರ್ಜಿಗಳಲ್ಲಿಯೂ ಜನಸಂದಣಿಯ ಪೂಜೆ ಮತ್ತು ಮಕ್ಕಳ ಧರ್ಮೋಪದೇಶದ ತರಗತಿಗಳು ಶುಕ್ರವಾರವೇ ನಡೆಯುತ್ತಿದ್ದವು. ಪ್ರಭುವಿನ ದಿನವು ಯಾವುದೆಂದು ಮಂಗಳೂರಿಗೆ ರಜೆಯಲ್ಲಿ ಬಂದಿದ್ದಾಗ ಊರಿನ ಪಾದ್ರಿಗಳು ಕೇಳಿದ್ದಕ್ಕೆ, ಪೊರ್ಬುಗಳ ಮಗನು ಎದೆಯುಬ್ಬಿಸಿ ‘ಶುಕ್ರವಾರ’ ಎಂದು ಉತ್ತರವಿತ್ತು ಸಭೆಯನ್ನು ಸ್ತಂಭೀಭೂತಗೊಳಿಸಿದನು. ೨೦೨೨ರ ಜನವರಿಯಿಂದ ಅಲ್ಲಿಯ ಸರಕಾರವು ವಾರಾಂತ್ಯವನ್ನು ಶನಿವಾರ ಭಾನುವಾರಗಳಿಗೆ ಸರಿಸಿತು; ಶಾರ್ಜಾದ ಸರಕಾರಿ ಕಚೇರಿಗಳಿಗಂತೂ ಶುಕ್ರವಾರವೂ ಸೇರಿ ಮೂರು ದಿನ ರಜೆ. ಪೊರ್ಬುಗಳು ಮಗನನ್ನು ಕರೆದು ಪ್ರಭುವಿನ ದಿನವು ಇನ್ನು ಮುಂದೆ ಭಾನುವಾರವೆಂದು ತಿಳಿಸಿದಾಗ, ಆ ಬಾಲಕನು ಸ್ವಲ್ಪ ಯೋಚಿಸಿ, “ಇದು ಸ್ವರ್ಗದಿಂದ ಬಂದ ಆಜ್ಞೆಯೋ, ಶೇಖ್‌ಗಳ ಆಜ್ಞೆಯೋ?” ಎಂದು ಕೇಳಿದನು. ಆ ಪ್ರಶ್ನೆಯನ್ನು ಬಾಯಮ್ಮನವರಿಗೆ ಒಪ್ಪಿಸಲಾಯಿತು.

ಅಲ್ಲಿಯ ಅರಸರಾದ ಶೇಖ್‌ಗಳ ವಿಷಯದಲ್ಲಿ ಪೊರ್ಬುಗಳಿಗಿರುವ ಕೃತಜ್ಞತೆ ಹೃತ್ಪೂರ್ವಕವಾದದ್ದು. ದುಬೈಯ ಊದ್ ಮೇಥಾದಲ್ಲಿರುವ ಸಂತ ಮರಿಯಮ್ಮನವರ ಇಗರ್ಜಿಗೆ ಭೂಮಿಯನ್ನು ದಾನವಾಗಿ ಕೊಟ್ಟವರು ಅಂದಿನ ಅರಸರಾದ ಶೇಖ್ ರಾಶಿದರು. ೧೯೬೭ರಲ್ಲಿ ಅಲ್ಲಿ ಮೊದಲ ಇಗರ್ಜಿ ಎದ್ದಿತು, ೧೯೮೯ರಲ್ಲಿ ಈಗಿನ ದೊಡ್ಡ ಕಟ್ಟಡವಾಯಿತು. ಶಾರ್ಜಾದ ಯರ್ಮೂಕ್ ಬಡಾವಣೆಯಲ್ಲಿ ಸಂತ ಮೈಕಲರ ಇಗರ್ಜಿಯಿದ್ದು, ಸುತ್ತಮುತ್ತ ಬೇರೆ ಬೇರೆ ಪಂಥಗಳ ದೇವಾಲಯಗಳೂ ಇವೆ. ಪೊರ್ಬುಗಳ ಮಕ್ಕಳು ಇಲ್ಲಿ ಕಾಣುವ ಕ್ರೈಸ್ತಲೋಕವು ಅವರ ಅಜ್ಜಿಯ ಊಹೆಗೂ ನಿಲುಕದು. ಮಲಯಾಳದ ಪೂಜೆ ಮುಗಿದು ಫಿಲಿಪ್ಪೀನಿನವರದು ತೊಡಗುತ್ತದೆ; ಅರಬ್ಬಿಯಲ್ಲಿ ದೇವರನ್ನು ‘ಅಲ್ಲಾ’ ಎಂದೇ ಕರೆದು ಸ್ತುತಿಸುವ ಲೆಬನಾನಿನ ಕ್ರೈಸ್ತರು ಒಂದು ಬಾಗಿಲಿನಿಂದ ಹೊರಬರುವಾಗ ತಮಿಳರು ಇನ್ನೊಂದರಿಂದ ಒಳಗೆ ಹೋಗುತ್ತಾರೆ; ತಮ್ಮ ಸರದಿಯಲ್ಲಿ ಕೊಂಕಣಿಯವರೂ ಕಂಠವೆತ್ತುತ್ತಾರೆ. ಕೊಂಕಣಿಯ ಪೂಜೆಯಾದ ಮೇಲೆ ಅಂಗಳದಲ್ಲಿ ನಿಂತು ತುಳುವಿನಲ್ಲಿ ಮಾತಾಡಿ, ವಾಹನ ನಿಲ್ಲಿಸುವ ಸ್ಥಳಕ್ಕಾಗಿ ಹಿಂದಿಯಲ್ಲಿ ಜಗಳವಾಡಿ, ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ ಮನೆಗೆ ಬರುವುದು ಪೊರ್ಬುಗಳ ಪುಣ್ಯದಿನದ ಕ್ರಮ. ೨೦೧೯ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸರು ಅಬುಧಾಬಿಗೆ ಬಂದು ಕ್ರೀಡಾಂಗಣದಲ್ಲಿ ಪೂಜೆಯರ್ಪಿಸಿದಾಗ, ಅರೇಬಿಯಾದ ನೆಲದಲ್ಲಿ ಕಾಲಿಟ್ಟ ಮೊದಲ ಪೋಪರನ್ನು ನೋಡಲು ನೆರೆದ ಲಕ್ಷಕ್ಕೂ ಮಿಕ್ಕ ಜನರ ನಡುವೆ ಈ ಕುಟುಂಬವೂ ಇತ್ತು. ನಡುರಾತ್ರಿಯಲ್ಲಿ ಬಸ್ಸು ಹತ್ತಿ ಹೋದ ಆ ಯಾತ್ರೆಯಿಂದ ಮಗಳಿಗೆ ಉಳಿದಿರುವುದು ಪೋಪರ ಬಿಳಿಯ ಟೋಪಿಯ ನೆನಪು. ಮಗನಿಗೆ ಉಳಿದಿರುವುದು ಬಸ್ಸಿನಲ್ಲಿ ಹಂಚಿದ ತಿಂಡಿಯ ನೆನಪು. ಪೊರ್ಬುಗಳು ಮಾತ್ರ ಪೋಪರು ತಮ್ಮನ್ನೇ ನೋಡಿ ಕೈ ಬೀಸಿದರೆಂದು ಇಂದಿಗೂ ಸಾಧಿಸುತ್ತಾರೆ.

ಭೋಜನದ ಅಧ್ಯಾಯವು ವಿಮಾನನಿಲ್ದಾಣದಿಂದಲೇ ಆರಂಭವಾಗುತ್ತದೆ. ಬಜಪೆಯಿಂದ ಹೊರಡುವ ಪೊರ್ಬುಗಳ ಪೆಟ್ಟಿಗೆಯಲ್ಲಿ ಬಟ್ಟೆಯಿರುವುದು ಜಾಡಿಗಳು ಒಡೆಯದಿರಲೆಂಬ ಉದ್ದೇಶದಿಂದ ಮಾತ್ರ. ಬಾಫತಿನ ಪುಡಿ, ಕುಚ್ಚಿಲಕ್ಕಿ, ಉಪ್ಪು ಹಾಕಿದ ಹಲಸಿನ ಸೊಳೆ, ಒಣಮೀನು, ಹಪ್ಪಳ, ಅತ್ತೆ ಕೊಟ್ಟ ಮಿಡಿ, ಅತ್ತೆಗೆ ಗೊತ್ತಾಗದಂತೆ ತಾಯಿ ಕೊಟ್ಟ ಮಿಡಿ, ಇವೆಲ್ಲವನ್ನೂ ತಕ್ಕಡಿಗೆ ಹಾಕಿದಾಗ ಮುಳ್ಳು ಮಿತಿಯನ್ನು ದಾಟುತ್ತದೆ. ಆಗ ಪೊರ್ಬುಗಳು ಜನಸಮೂಹದ ನಡುವೆ ಕುಕ್ಕರಗಾಲಿನಲ್ಲಿ ಕುಳಿತು, ಹೊರಬಂದ ಕುಚ್ಚಿಲಕ್ಕಿಯನ್ನು ಮಕ್ಕಳ ಶಾಲೆಯ ಚೀಲಗಳಿಗೆ ವರ್ಗಾಯಿಸುತ್ತಾರೆ. ಎಲ್ಲಕ್ಕಿಂತ ಕಠಿಣವಾದ ಶೋಧನೆ ಗಸಗಸೆಯದು. ನಮ್ಮಲ್ಲಿ ಪಾಯಸಕ್ಕೆ ಹಾಕುವ ಈ ನಿರಪರಾಧಿ ಬೀಜವು ಆ ದೇಶದಲ್ಲಿ ಮಾದಕದ್ರವ್ಯಗಳ ಪಟ್ಟಿಗೆ ಸೇರಿದ್ದು, ಅದನ್ನು ತಂದವನು ಸೆರೆಮನೆಯನ್ನು ನೋಡಬೇಕಾದೀತು. ಈ ಸಂಗತಿಯನ್ನು ಅಜ್ಜಿಗೆ ತಿಳಿಸಿ ಹೇಳುವ ಯತ್ನಗಳೆಲ್ಲ ನಿಷ್ಫಲವಾಗಿವೆ. “ಗಸಗಸೆಗೆ ಜೈಲೆ? ಹಾಗಾದರೆ ಅವರು ಕುರ್ಮಾಕ್ಕೆ ಏನು ಹಾಕುತ್ತಾರೆ?” ಎಂಬುದು ಆಕೆಯ ಮರುಪ್ರಶ್ನೆ. ಆದುದರಿಂದ ಅಜ್ಜಿ ಕಟ್ಟಿಕೊಟ್ಟ ಪ್ರತಿಯೊಂದು ಪೊಟ್ಟಣವನ್ನೂ ಹೊರಡುವ ರಾತ್ರಿ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಬಿಚ್ಚಿ ನೋಡುವುದು ಪೊರ್ಬುಗಳ ಕುಲಾಚಾರವಾಗಿದೆ.

ಹಂದಿಯ ಮಾಂಸವಿಲ್ಲದೆ ಪೊರ್ಬುಗಳಿಗೆ ಹಬ್ಬವಿಲ್ಲ. ಶಾರ್ಜಾದಲ್ಲಿ ಅದು ಸುಲಭಸಾಧ್ಯವೂ ಅಲ್ಲ. ದುಬೈಯ ಕೆಲವು ದೊಡ್ಡ ಅಂಗಡಿಗಳಲ್ಲಿ ಹಿಂಬದಿಯ ಒಂದು ಮೂಲೆಯಲ್ಲಿ, ‘ಮುಸ್ಲಿಮೇತರರಿಗೆ ಮಾತ್ರ’ ಎಂಬ ಫಲಕದ ಹಿಂದೆ, ಅದಕ್ಕೆಂದೇ ಪ್ರತ್ಯೇಕ ಕೋಣೆಯುಂಟು. ಆ ಕೋಣೆಗೆ ಪ್ರವೇಶಿಸುವಾಗ ಪೊರ್ಬುಗಳು ಎಡಬಲ ನೋಡಿ, ಕೆಮ್ಮಿ, ಏನೋ ಮರೆತವರಂತೆ ಹಿಂದಕ್ಕೆ ಬಂದು, ಮತ್ತೆ ಸರ್ರನೆ ಒಳನುಗ್ಗುತ್ತಾರೆ. ಒಳಗೆ ಅವರಿಗೆ ಎದುರಾಗುವವರು ಪ್ರಾಯಶಃ ಅವರ ಇಗರ್ಜಿಯ ವಾಳೆಯ, ಎಂದರೆ ಕೇರಿಯ, ಗುರಿಕಾರರೇ ಆಗಿರುತ್ತಾರೆ.

ಈ ಕುಟುಂಬದ ಸಂಭ್ರಮಗಳಲ್ಲಿ ಶಿರೋಭೂಷಣವೆಂದರೆ ಮೊಂತಿ ಫೆಸ್ತ್. ಸೆಪ್ಟೆಂಬರ್ ೮ರಂದು ಬರುವ ಕನ್ಯಾಮರಿಯಮ್ಮನವರ ಈ ಜನ್ಮೋತ್ಸವವೇ ನಮ್ಮ ಕರಾವಳಿಯ ಕಥೋಲಿಕರಿಗೆ ಹೊಸ ತೆನೆಯ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಪ್ರತಿದಿನವೂ ಹೂವು ತಂದು ಮಾತೆಗೆ ಅರ್ಪಿಸಬೇಕು. ಊರಿನಲ್ಲಾದರೆ ಮಳೆಗಾಲದ ಬೇಲಿಗಳ ತುಂಬ ಹೂವು, ಕದ್ದರೂ ಕೇಳುವವರಿಲ್ಲ. ಶಾರ್ಜಾದ ಏಳನೆಯ ಅಂತಸ್ತಿನಲ್ಲಿ ಇರುವುದು ಬಾಯಮ್ಮನವರ ಬಾಲ್ಕನಿಯ ಕುಂಡಗಳು ಮಾತ್ರ: ಒಂದು ಬಸಳೆ, ಒಂದು ಕರಿಬೇವು, ಪತ್ತೊಳಿ ಬೇಯಿಸಲು ಎಲೆ ಬೇಕೆಂದು ನೆಟ್ಟ ಅರಸಿನ, ಮತ್ತು ನಲುವತ್ತೈದು ಡಿಗ್ರಿಯ ಬಿಸಿಲಿನಲ್ಲಿ ಬದುಕಿರುವುದೇ ತನ್ನ ದೊಡ್ಡ ಉಪಕಾರವೆಂಬಂತೆ ದಿನಕ್ಕೆರಡು ಮೊಗ್ಗು ಕೊಡುವ ಮಲ್ಲಿಗೆ. ಮೂವರು ಮಕ್ಕಳಿಗೆ ಎರಡು ಮೊಗ್ಗುಗಳನ್ನು ಹಂಚುವ ಗಣಿತವು ಪ್ರತಿದಿನವೂ ರೋದನದಲ್ಲಿ ಪರ್ಯವಸಾನವಾಗುತ್ತಿದ್ದುದರಿಂದ, ಕಿರಿಯವನು ಒಂದು ದಿನ ಕಟ್ಟಡದ ಮೊಗಸಾಲೆಯಲ್ಲಿದ್ದ ಪ್ಲಾಸ್ಟಿಕ್ ಗುಲಾಬಿಯೊಂದನ್ನು ತಂದು ಅರ್ಪಿಸಿದನು. ತಂದೆ ಗದರಿಸಿದ್ದಕ್ಕೆ, “ಅಕ್ಕನ ಹೂವು ನಾಳೆ ಬಾಡುತ್ತದೆ, ನನ್ನದು ಬಾಡುವುದಿಲ್ಲ, ಮಾತೆಗೆ ಯಾವುದು ಇಷ್ಟ?” ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರ ಸಿಗದ ಕಾರಣ ಗುಲಾಬಿಯು ಒಂಬತ್ತನೆಯ ದಿನದವರೆಗೂ ಅಲ್ಲಿಯೇ ಇದ್ದು, ಹತ್ತನೆಯ ದಿನ ಮೊಗಸಾಲೆಗೆ ಮರಳಿತು.

ಹಬ್ಬದ ದಿನದ ಊಟ ಶುದ್ಧ ಶಾಕಾಹಾರ; ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕೆಂಬುದು ಸಂಪ್ರದಾಯ. ಬಾಯಮ್ಮನವರು ಕೆಸುವಿನ ದಂಟು, ಅಂಬಟೆಕಾಯಿ, ಹಾಗಲ, ತೊಂಡೆ, ಹರಿವೆಗಳಿಗಾಗಿ ದುಬೈಯ ಕರಾಮಾದ ಅಂಗಡಿಗಳನ್ನೆಲ್ಲ ಜಾಲಾಡುತ್ತಾರೆ. ಒಂದು ವರ್ಷ ಕಳಲೆ ದೊರೆಯದೆ ಒಂಬತ್ತಾಗಬೇಕಾದದ್ದು ಎಂಟಕ್ಕೆ ನಿಂತಾಗ, ಉಪ್ಪಿನಕಾಯಿಯನ್ನು ಪದಾರ್ಥವೆಂದು ಪರಿಗಣಿಸಬಹುದೇ ಎಂಬ ಜಿಜ್ಞಾಸೆಯು ಮೂರು ದೇಶಗಳಲ್ಲಿರುವ ನಾದಿನಿಯರ ನಡುವೆ ದೂರವಾಣಿಯಲ್ಲಿ ಬಹಳ ಹೊತ್ತು ನಡೆದು, ಕಡೆಗೆ ಪೊರ್ಬುಗಳು ‘ಅನ್ನವೂ ಒಂದು ಪದಾರ್ಥವೇ’ ಎಂಬ ತೀರ್ಪನ್ನು ಹಸಿವಿನ ಪ್ರೇರಣೆಯಿಂದ ಕೊಟ್ಟರು. ಊರಿನಿಂದ ಸ್ನೇಹಿತರ ಕೈಚೀಲದಲ್ಲಿ ಬಂದ ಹರಸಿದ ತೆನೆಯ ನಾಲ್ಕು ಕಾಳುಗಳನ್ನು ಸುಲಿದು, ಪುಡಿಮಾಡಿ, ತೆಂಗಿನ ಹಾಲಿನಲ್ಲಿ ಬೆರೆಸಿ, ಮನೆಯ ಹಿರಿಯರಾದಿಯಾಗಿ ಎಲ್ಲರೂ ಸೇವಿಸುತ್ತಾರೆ. ಗದ್ದೆಯನ್ನು ಹತ್ತಿರದಿಂದ ಕಾಣದ ಮಕ್ಕಳು ‘ಅಕ್ಕಿಯೆಂಬುದು ಗಿಡದಲ್ಲಿ ಹೀಗಿರುತ್ತದೆ’ ಎಂದು ಕಲಿಯುವುದು ಮರಳುಗಾಡಿನ ನಡುವೆ.

ಕ್ರಿಸ್ಮಸ್ಸಿನ ಗೋದಲಿಯಲ್ಲಿ ಈ ಮರಳುಗಾಡೇ ಒಂದು ವಾಗ್ವಾದಕ್ಕೆ ಕಾರಣವಾಯಿತು. ಊರಿನ ಪದ್ಧತಿಯಂತೆ ಪೊರ್ಬುಗಳು ರಾಗಿಯ ಮೊಳಕೆಗಳಿಂದ ಹಸುರು ಹುಲ್ಲುಗಾವಲನ್ನು ಬೆಳೆಸಿ, ಗುಡ್ಡದ ಮೇಲೆ ಹತ್ತಿಯನ್ನು ಹರಡಿ ಹಿಮವನ್ನು ಸುರಿಸಿದರು. ಮಗಳು ಕಿಟಕಿಯ ಹೊರಗೆ ತೋರಿಸಿ, “ಬೇತ್ಲೆಹೇಮು ಇದೇ ತರಹದ ಊರಲ್ಲವೆ? ಒಂಟೆ, ಖರ್ಜೂರದ ಮರ, ಮರಳು ಎಲ್ಲವೂ ಇಲ್ಲೇ ಇರುವಾಗ ನೀವು ಸ್ವಿಟ್ಜರ್ಲೆಂಡನ್ನು ಏಕೆ ಮಾಡುತ್ತೀರಿ?” ಎಂದಳು. ಬಾಲ್ಯದಿಂದ ಹತ್ತಿಯ ಹಿಮವನ್ನೇ ಕಂಡ ಪೊರ್ಬುಗಳಿಗೆ ಯೇಸು ಜನಿಸಿದ್ದು ಒಂಟೆಗಳ ಸೀಮೆಯಲ್ಲೆಂಬುದು ಆವರೆಗೆ ಹೊಳೆದಿರಲಿಲ್ಲ. ಆ ವರ್ಷ ಗೋದಲಿಗೆ ಅಸಲು ಮರಳು ಬಂದಿತು. ಹತ್ತಿಯನ್ನು ಮಾತ್ರ ಅಜ್ಜಿಯ ಸಮಾಧಾನಕ್ಕೆಂದು ಒಂದು ಮೂಲೆಯಲ್ಲಿ ಉಳಿಸಲಾಯಿತು. ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ಸಮಾರೋಹದಲ್ಲಿ ನೆವ್ರಿ, ಕಿಡ್ಯೊ, ಗುಳಿಯೊ, ಕೊಕಿಸಾಂಗಳನ್ನು ಕರಿಯುವಾಗ ಹೊಗೆಯ ಗಂಟೆ ಮೊಳಗಿ, ಕಾವಲುಗಾರನಾದ ಪಠಾಣನು ಏದುಸಿರು ಬಿಡುತ್ತ ಮೇಲೇರಿ ಬರುವುದೂ, ಒಂದು ತಟ್ಟೆ ತಿಂಡಿಯೊಡನೆ ಶಾಂತಚಿತ್ತನಾಗಿ ಇಳಿದುಹೋಗುವುದೂ ವರ್ಷಂಪ್ರತಿ ನಡೆಯುವ ವಿಧಿ. ಅವನು ಈಗೀಗ ಗಂಟೆ ಮೊಳಗುವ ಮೊದಲೇ ಬರುತ್ತಾನೆಂದು ಬಾಯಮ್ಮನವರ ದೂರು.

ತಟ್ಟೆಗಳ ಈ ಸಂಚಾರವು ಒಂದೇ ದಿಕ್ಕಿನದಲ್ಲ. ಎದುರು ಬಾಗಿಲಿನ ಈಜಿಪ್ಟಿನವರೂ, ಮೇಲಂತಸ್ತಿನ ಲಾಹೋರಿನವರೂ ರಂಜಾನಿನ ಸಂಜೆಗಳಲ್ಲಿ ಕಳುಹಿಸುವ ತಟ್ಟೆಗಳನ್ನು ಬರಿದಾಗಿ ಹಿಂದಿರುಗಿಸುವುದು ಅಪಚಾರವಾದುದರಿಂದ, ಒಂದು ತಟ್ಟೆಯು ಯಾರದೆಂಬುದೇ ಮರೆತುಹೋಗುವಷ್ಟು ಸಲ ಅತ್ತಿತ್ತ ಓಡಾಡುತ್ತದೆ. ೨೦೨೫ರಲ್ಲಿ ರಂಜಾನ್ ತಿಂಗಳು ಮಾರ್ಚ್ ೧ರಂದೂ, ಕ್ರೈಸ್ತರ ತಪಸ್ಸುಕಾಲ ಮಾರ್ಚ್ ೫ರ ಬೂದಿ ಬುಧವಾರದಂದೂ ತೊಡಗಿ, ಮಹಡಿಯ ಎಲ್ಲ ಮನೆಗಳೂ ಏಕಕಾಲದಲ್ಲಿ ಉಪವಾಸನಿರತವಾದವು. ತಪಸ್ಸುಕಾಲದ ಶುಕ್ರವಾರಗಳಂದು ಕಥೋಲಿಕರಿಗೆ ಮಾಂಸ ವರ್ಜ್ಯ. ಲಾಹೋರಿನವರ ಕುರಿಯ ಬಿರಿಯಾನಿ ಬಂದದ್ದು ಸರಿಯಾಗಿ ಶುಕ್ರವಾರದ ಮುಸ್ಸಂಜೆ. ತಿರಸ್ಕರಿಸಿದರೆ ನೆರೆಯವರಿಗೆ ನೋವು, ಸ್ವೀಕರಿಸಿದರೆ ನಿಯಮಕ್ಕೆ ಭಂಗ. ಬಾಯಮ್ಮನವರು ಅದನ್ನು ಶೈತ್ಯಪೆಟ್ಟಿಗೆಯಲ್ಲಿಟ್ಟು ಶನಿವಾರದವರೆಗೆ ಯಾರೂ ಮುಟ್ಟಕೂಡದೆಂದು ಆಜ್ಞಾಪಿಸಿದರು. ರಾತ್ರಿ ಹನ್ನೆರಡು ಹೊಡೆದೊಡನೆ ಶನಿವಾರವಾಗುವುದೆಂಬ ಕಾಲಜ್ಞಾನವನ್ನು ಶಾಲೆಯಲ್ಲಿ ಸಂಪಾದಿಸಿದ್ದ ಮಗನು, ಎಚ್ಚರದಿಂದಿದ್ದು ಹನ್ನೆರಡೂ ಒಂದು ನಿಮಿಷಕ್ಕೆ ಅಡುಗೆಮನೆಗೆ ಹೋದಾಗ, ಅಲ್ಲಿ ಕತ್ತಲೆಯಲ್ಲಿ ಚಮಚವೊಂದನ್ನು ಹಿಡಿದು ಗಡಿಯಾರವನ್ನು ನೋಡುತ್ತ ನಿಂತಿದ್ದ ತಂದೆಯ ದರ್ಶನವಾಯಿತು. ಪಿತಾಪುತ್ರರು ಈ ವಿಷಯವನ್ನು ಪರಸ್ಪರ ಗೋಪ್ಯವಾಗಿಡಲು ಒಪ್ಪಿಕೊಂಡದ್ದರಿಂದ ನಾನೂ ಹೆಚ್ಚು ಹೇಳುವುದಿಲ್ಲ.

ಜುಲೈ ಆಗಸ್ಟಿನ ರಜೆಯಲ್ಲಿ ಪರಿವಾರವು ಊರಿಗೆ ಆಗಮಿಸುತ್ತದೆ. ತುಳುವರ ಆಟಿ ತಿಂಗಳ ಮಳೆ ಧೋ ಎಂದು ಸುರಿಯುತ್ತಿರುತ್ತದೆ. ಪೊರ್ಬುಗಳು ಬೀಗದ ಕೈಗಳ ಗೊಂಚಲನ್ನು ಹಿಡಿದು ಒಂದೊಂದೇ ಕೋಣೆಯನ್ನು ತೆರೆದು, ಬೂಷ್ಟು ಹಿಡಿದ ಗೋಡೆ, ಉಬ್ಬಿದ ಬಾಗಿಲು, ಸೋರುವ ಮೂಲೆಗಳನ್ನು ಪಟ್ಟಿಮಾಡುತ್ತ ರಜೆಯನ್ನು ಕಳೆಯುತ್ತಾರೆ. ಬಣ್ಣ ಬಳಿಯುವವನು ನಾಳೆ ಬರುತ್ತೇನೆಂದು ಹೇಳಿ ಬರುವುದಿಲ್ಲ; ಅವನಿಗೂ ಒಂದು ‘ಬರುವ ವರ್ಷ’ವುಂಟು. ಮಕ್ಕಳು ಮಳೆಯಲ್ಲಿ ಮನಸಾರೆ ನೆನೆದು, ಅಜ್ಜಿಯ ನಾಯಿಯನ್ನು ಹಾಳುಮಾಡಿ, ತುಳುವಿನ ನಾಲ್ಕು ಬೈಗುಳಗಳನ್ನು ಕಲಿತು, ಎರಡನೆಯ ವಾರದ ಕೊನೆಗೆ “ಪಪ್ಪಾ, ನಮ್ಮ ಮನೆಗೆ ಯಾವಾಗ ಹೋಗುವುದು?” ಎಂದು ಕೇಳುತ್ತಾರೆ. ಏಳು ಕೋಣೆಗಳ ನಡುವೆ ನಿಂತ ಪೊರ್ಬುಗಳಿಗೆ ಆ ಮಾತು ಮುಳ್ಳಾಗಿ ಚುಚ್ಚುತ್ತದೆ. “ಇದೇ ನಮ್ಮ ಮನೆ” ಎಂದು ಗದರಿಸುತ್ತಾರೆ. ಆದರೆ ರಾತ್ರಿ ಬಾಯಮ್ಮನವರೊಡನೆ, “ಬಾಲ್ಕನಿಯ ಮಲ್ಲಿಗೆಗೆ ನೀರು ಹಾಕಲು ಈಜಿಪ್ಟಿನವರಿಗೆ ಹೇಳಿದ್ದೀಯಷ್ಟೆ?” ಎಂದು ವಿಚಾರಿಸುವವರೂ ಅವರೇ.

ಲೆಕ್ಕದಲ್ಲಿ ನಿಪುಣರಾದ ಈ ಮಹನೀಯರು ದಿರ್ಹಮು, ರೂಪಾಯಿ, ಬಾಡಿಗೆ, ಶಾಲೆಯ ಶುಲ್ಕ, ವಿಮಾನದ ತೂಕ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆದರೆ ತಡವಾಗಿ ತಲಪುವ ಅಜ್ಜಿಯ ಪ್ರಾರ್ಥನೆ, ಬಾಡದ ಗುಲಾಬಿ, ಅಸಲು ಮರಳಿನ ಬೇತ್ಲೆಹೇಮು, ನಡುರಾತ್ರಿಯ ಬಿರಿಯಾನಿ, ಇವನ್ನು ಯಾವ ಖಾತೆಗೂ ಜಮೆ ಮಾಡಿಲ್ಲ. ಸುಖವೆಂಬುದು ಊರಿನ ಮನೆಯಲ್ಲಿ ಬೀಗಮುದ್ರೆಯೊಳಗೆ ಭದ್ರವಾಗಿದೆಯೆಂದೂ, ಬರುವ ವರ್ಷ ಹೋಗಿ ತೆರೆದು ಅನುಭವಿಸಿದರಾಯಿತೆಂದೂ ಅವರ ಎಣಿಕೆ. ಆ ಎಣಿಕೆಯಲ್ಲಿಯೇ ಅವರು ಎರಡು ಕೋಣೆಗಳಲ್ಲಿ ಅದನ್ನು ನಿತ್ಯವೂ ಖರ್ಚುಮಾಡುತ್ತಿದ್ದಾರೆ; ಖರ್ಚೆಂದು ತಿಳಿದಿದ್ದರೆ ಪ್ರಾಯಶಃ ಅದರಲ್ಲಿಯೂ ಮಿತವ್ಯಯ ಮಾಡುತ್ತಿದ್ದರು. ಆದಕಾರಣ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ: ಮಳೆಗಾಲದ ರಜೆಯಲ್ಲಿ ಕೊಡೆ ಹಿಡಿದು ಇಗರ್ಜಿಯಿಂದ ಬರುವ ಪೊರ್ಬುಗಳು ನಿಮಗೆ ಎದುರಾದಾಗ, ‘ಯಾವಾಗ ಬಂದಿರಿ? ಯಾವಾಗ ವಾಪಸು? ಪೂರ್ತಿ ಬರುವುದು ಯಾವಾಗ?’ ಎಂಬ ನಮ್ಮೂರಿನ ಮೂರು ಶಾಶ್ವತ ಪ್ರಶ್ನೆಗಳನ್ನು ದಯವಿಟ್ಟು ಕೇಳಬೇಡಿ. ಮಕ್ಕಳ ಸುದ್ದಿಯನ್ನು ಕೇಳಿ. ಅವರು ನಿಮ್ಮನ್ನು ಮಳೆಯಲ್ಲಿ ಬಹಳ ಹೊತ್ತು ನಿಲ್ಲಿಸಿಕೊಳ್ಳುತ್ತಾರೆ. ಆದುದರಿಂದ ನೀವೂ ಒಂದು ಕೊಡೆಯನ್ನು ಒಯ್ಯುವುದು ಒಳ್ಳೆಯದು.